ಲ ಪಾಕ್ಟ್ ದೆ ಲೂ (ಚಲನಚಿತ್ರ)

'ಲ ಪಾಕ್ಟ್ ದೆ ಲೂ' 2001ರಲ್ಲಿ ತೆರೆಕಂಡ ಫ್ರೆಂಚ್ ಚಲನಚಿತ್ರ. ಇದರ ಇಂಗ್ಲಿಷ್ ಹೆಸರು 'ಬ್ರದರ್‌ಹುಡ್ ಆಫ್ ದ ವುಲ್ಫ್'. ಕ್ರಿಸ್ತಾಫ್ ಗಾನ್ಸ್ ನಿರ್ದೇಶಿಸಿದ ಈ ಚಿತ್ರದಲ್ಲಿ ಇತಿಹಾಸ, ಭಯಾನಕ ಕಥೆ, ಪತ್ತೇದಾರಿಕೆ ಹಾಗೂ ಹಾಂಗ್‌ಕಾಂಗ್ ಶೈಲಿಯ ಹೊಡೆದಾಟಗಳು ಬೆರೆತಿವೆ.

ಚಾರಿತ್ರಿಕ ಹಿನ್ನೆಲೆ

ದಕ್ಷಿಣ ಫ್ರಾನ್ಸ್‌ನ ಗುಡ್ಡಗಾಡು ಪ್ರದೇಶವಾದ ಜೆವೊದಾನ್‌ನಲ್ಲಿ 1764ರಿಂದ 1767ರವರೆಗೆ ಒಂದು ಮೃಗವು ಜನರನ್ನು ಕೊಂದಿತು. ಸತ್ತವರು ನೂರರ ಆಸುಪಾಸು. ಅವರಲ್ಲಿ ಹೆಚ್ಚಿನವರು ದನಕುರಿ ಕಾಯುತ್ತಿದ್ದ ಬಡ ಹೆಂಗಸರು ಮತ್ತು ಮಕ್ಕಳು. ಮಾಂದ್‌ನ ಬಿಷಪರು ಇದನ್ನು ದೈವಕೋಪವೆಂದು ಸಾರಿದರು. ಪತ್ರಿಕೆಗಳು ಸುದ್ದಿಯನ್ನು ದೂರದೂರಕ್ಕೆ ಹಬ್ಬಿಸಿದವು. ದೊರೆ ಹದಿನೈದನೆಯ ಲೂಯಿ ತನ್ನ ಬೇಟೆಗಾರ ಫ್ರಾಂಸ್ವಾ ಆಂತ್ವಾನ್‌ನನ್ನು ಕಳುಹಿಸಿದನು. 1765ರ ಸೆಪ್ಟೆಂಬರ್‌ನಲ್ಲಿ ಅವನು ಹೊಡೆದ ದೊಡ್ಡ ತೋಳವನ್ನು ವರ್ಸೇಲ್ಸ್‌ನಲ್ಲಿ ಪ್ರದರ್ಶಿಸಲಾಯಿತು. ಆದರೆ ಕೊಲೆಗಳು ನಿಲ್ಲಲಿಲ್ಲ. 1767ರ ಜೂನ್‌ನಲ್ಲಿ ಸ್ಥಳೀಯನಾದ ಜಾನ್ ಶಾಸ್ತೆಲ್ ಮತ್ತೊಂದು ಪ್ರಾಣಿಯನ್ನು ಕೊಂದ ಬಳಿಕವೇ ಹಾವಳಿ ಕೊನೆಗೊಂಡಿತು.

ಕಥಾವಸ್ತು

ನಿಸರ್ಗಶಾಸ್ತ್ರಜ್ಞ ಫ್ರೋನ್ಸಾಕ್ (ಸಾಮುವೆಲ್ ಲೆ ಬಿಹಾನ್) ಮತ್ತು ಉತ್ತರ ಅಮೆರಿಕದ ಮೂಲನಿವಾಸಿಯಾದ ಆತನ ಸಂಗಾತಿ ಮಾನಿ (ಮಾರ್ಕ್ ಡಕಾಸ್ಕೋಸ್) ಮೃಗದ ಗುಟ್ಟನ್ನು ಬಯಲಿಗೆಳೆಯಲು ಬರುತ್ತಾರೆ. ಮೃಗದ ಹಿಂದೆ ದೊರೆಯ ಅಧಿಕಾರವನ್ನು ದುರ್ಬಲಗೊಳಿಸಬಯಸುವ ಒಂದು ರಹಸ್ಯ ಕೂಟವಿರುವುದು ಕ್ರಮೇಣ ಗೋಚರವಾಗುತ್ತದೆ. ಮೊನಿಕಾ ಬೆಲುಚಿ, ವಿನ್ಸೆಂಟ್ ಕಾಸೆಲ್ ಮತ್ತು ಎಮಿಲಿ ದೆಕೆನ್ ಇತರ ಪ್ರಮುಖ ಪಾತ್ರಗಳಲ್ಲಿದ್ದಾರೆ.

ಆಕರ್ಷಣೆ

ವೀರ, ಭಯಾನಕ, ಅದ್ಭುತ, ಶೃಂಗಾರ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವ ಚಿತ್ರ ಸಾಮಾನ್ಯವಾಗಿ ಕಲಸುಮೇಲೋಗರವಾಗುತ್ತದೆ. ಇಲ್ಲಿ ಹಾಗಾಗದಿರುವುದಕ್ಕೆ ಮೂಲಘಟನೆಯೇ ಕಾರಣ. ಜೆವೊದಾನ್‌ನ ಪ್ರಕರಣ ಏಕಕಾಲಕ್ಕೆ ಬೇಟೆಯೂ, ಧಾರ್ಮಿಕ ಭೀತಿಯೂ, ಪತ್ರಿಕೆಗಳ ರೋಚಕ ಸುದ್ದಿಯೂ, ಅರಮನೆಯ ಮಾನದ ಪ್ರಶ್ನೆಯೂ ಆಗಿತ್ತು. ಆದುದರಿಂದ ಪ್ರಕಾರದಿಂದ ಪ್ರಕಾರಕ್ಕೆ ಜಿಗಿಯುವ ನಿರೂಪಣೆ ವಸ್ತುವಿಗೆ ಹೊರತೆನಿಸುವುದಿಲ್ಲ.

ಚಿತ್ರದ ಅತ್ಯಂತ ತೀಕ್ಷ್ಣವಾದ ಭಾಗ ಹೊಡೆದಾಟಗಳಲ್ಲಿಲ್ಲ. ಸಾಮಾನ್ಯ ತೋಳವೊಂದರ ಶವವನ್ನು ಭೀಕರ ಮೃಗದಂತೆ ಸಿಂಗರಿಸುವಂತೆ ಫ್ರೋನ್ಸಾಕ್‌ಗೆ ಅರಸನ ದೂತನು ಆಜ್ಞಾಪಿಸುತ್ತಾನೆ. ಅಪಾಯ ಮುಗಿಯಿತೆಂಬ ಅಧಿಕೃತ ಘೋಷಣೆ ಹೊರಡುತ್ತದೆ. ಹಳ್ಳಿಗರು ಮಾತ್ರ ಸಾಯುತ್ತಲೇ ಇರುತ್ತಾರೆ. ಆಂತ್ವಾನ್‌ನ ತೋಳದ ಚರಿತ್ರೆಯನ್ನು ಬಲ್ಲವರಿಗೆ ಈ ದೃಶ್ಯದ ಕಹಿ ಇನ್ನೂ ಹೆಚ್ಚು ತಟ್ಟುತ್ತದೆ.

ರಹಸ್ಯ ಕೂಟ ಮತ್ತು ಪಿತೂರಿ ಸಂಪೂರ್ಣ ಕಲ್ಪಿತ. ಮಾನಿಯ ಪಾತ್ರವನ್ನು ಹೆಚ್ಚಾಗಿ ಹೊಡೆದಾಟಕ್ಕೆ ದುಡಿಸಿಕೊಂಡಿರುವುದು ಚಿತ್ರದ ಕೊರತೆ. ಜಿಮ್ ಹೆನ್ಸನ್ ಸಂಸ್ಥೆಯ ಕಾರ್ಯಾಗಾರ ರೂಪಿಸಿದ ಮೃಗವು ಪೂರ್ಣವಾಗಿ ಕಾಣಿಸಿಕೊಳ್ಳುವುದಕ್ಕಿಂತ, ಮಂಜಿನ ಹಿಂದೆ ಅಡಗಿರುವಾಗಲೇ ಹೆಚ್ಚು ಭಯ ಹುಟ್ಟಿಸುತ್ತದೆ. ವಸ್ತ್ರವಿನ್ಯಾಸಕ್ಕಾಗಿ ಡೊಮಿನಿಕ್ ಬೋರ್ಗ್ ಅವರಿಗೆ ಸೆಜಾರ್ ಪ್ರಶಸ್ತಿ ದೊರೆಯಿತು.