ಮಧ್ಯವರ್ತಿ ಸರ್ವರಿನ ಸಾಕ್ಷ್ಯ: ಚರಗಳೂ ದೋಷಸಂಖ್ಯೆಗಳೂ

ವೆಬ್ ಸರ್ವರುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೇಗದ ವೃದ್ಧಿಯನ್ನೇ ವರ್ಣಿಸುವರು. ತಪ್ಪು ಯಾರದೆಂದು ನಿರ್ಣಯಿಸುವ ಪದ್ಧತಿ ಬೆಳೆದ ಬಗೆಯೂ ಅಷ್ಟೇ ವಿಚಾರಾರ್ಹವಾದುದು.

ಮೊದಮೊದಲು ಈ ಪ್ರಶ್ನೆಗೆ ಅವಕಾಶವೇ ಕಡಮೆ. ಕೇಳಿದ ಪುಟವನ್ನು ಸರ್ವರು ಹೆಚ್ಚಾಗಿ ತನ್ನ ಡಿಸ್ಕಿನಿಂದಲೇ ತೆಗೆದು ಕೊಡುತ್ತಿದ್ದಿತು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಸಂಸ್ಥೆಯಿಂದ ಸಿಜಿಐ ಎಂಬ ಏರ್ಪಾಡು ಬಂದ ಮೇಲೆ, ಕೋರಿಕೆಯನ್ನು ಬೇರೊಂದು ಪ್ರೋಗ್ರಾಮಿಗೆ ಒಪ್ಪಿಸುವುದೂ, ಕೇಳಿದವರ ವಿಳಾಸವೇ ಮೊದಲಾದ ವಿವರಗಳನ್ನು ಹೆಸರುಳ್ಳ ಚರಗಳಲ್ಲಿ ತುಂಬಿ ಕಳುಹಿಸುವುದೂ ರೂಢಿಯಾಯಿತು. 1996ರ ಎಚ್‌ಟಿಟಿಪಿ 1.0 ವಿವರಣೆಯಲ್ಲಿ 502 ಎಂಬ ಸಂಖ್ಯೆಯುಂಟು: ಹಿಂಬದಿಯ ಸರ್ವರು ಅಸಮರ್ಪಕವಾದ ಉತ್ತರವಿತ್ತಿತೆಂದು ಇದರ ಅರ್ಥ. ಉತ್ತರವು ಸಕಾಲದಲ್ಲಿ ಬರಲಿಲ್ಲವೆನ್ನುವ 504 ಸೇರಿದುದು 1997ರ 1.1ರಲ್ಲಿ. ಎರಡೂ ಮಧ್ಯವರ್ತಿಯ ಹೇಳಿಕೆಗಳು. ಆರೋಪಿಯ ಮಾತು ಇವುಗಳಲ್ಲಿಲ್ಲ.

ರಷ್ಯದ ಇಗೋರ್ ಸಿಸೊಯೆವರು 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಮಧ್ಯವರ್ತಿಯಾಗಿ ಬಹಳ ಪ್ರಚಾರಕ್ಕೆ ಬಂದಿತು. ಅದರ ಚರಗಳ ಬೆಲೆಯು ಕೋರಿಕೆ ಬಂದಾಗಲೇ ನಿರ್ಧಾರವಾಗತಕ್ಕದ್ದು. ಹಿಂಬದಿಯ ಸರ್ವರಿನ ಹೆಸರನ್ನು ನೇರವಾಗಿ ಬರೆದರೆ ಅದರ ವಿಳಾಸವನ್ನು ಆರಂಭದಲ್ಲಿಯೇ ಹುಡುಕಿಡುತ್ತದೆ. ಚರದ ಮೂಲಕ ಬರೆದರೆ, ಪೂರ್ವಪರಿಚಿತವಲ್ಲದ ಹೆಸರನ್ನು ಆಗಲೇ ಹುಡುಕಬೇಕಾಗುವುದರಿಂದ ರಿಸಾಲ್ವರನ್ನು ಸೂಚಿಸಿರಬೇಕು. ಸೂಚಿಸದಿದ್ದಲ್ಲಿ ಬರುವುದೂ 502ನೆಯ ದೋಷವೇ! ಹಿಂಬದಿಯ ಸರ್ವರನ್ನು ತಲಪದೆಯೇ ಅದರ ಮೇಲೆ ದೂರು ಹೊರಿಸಿದಂತಾಯಿತು. ಇಂತಹಲ್ಲಿ ದೋಷಲೇಖವನ್ನು ನೋಡದೆ ಸಂಖ್ಯೆಯೊಂದನ್ನೇ ನಂಬುವುದು ಯುಕ್ತವಲ್ಲ.

ಇದಕ್ಕಿಂತ ಗಂಭೀರವಾದುದು ಮರುಪ್ರಯತ್ನದ ಸಂಗತಿ. ಒಂದು ಸರ್ವರು ಕೈಕೊಟ್ಟರೆ ಅಥವಾ ತಡಮಾಡಿದರೆ ಕೋರಿಕೆಯನ್ನು ಮತ್ತೊಂದಕ್ಕೆ ಒಪ್ಪಿಸುವುದು ಎಂಜಿನ್‌ಎಕ್ಸಿನ ಸಹಜಕ್ರಮ. ಪುಟವನ್ನು ಓದುವ ಕೋರಿಕೆಯಾದರೆ ಬಾಧಕವಿಲ್ಲ. ಹಣವನ್ನು ಪಾವತಿಮಾಡುವ ಪೋಸ್ಟ್ ಕೋರಿಕೆಯಾದರೋ, ಮೊದಲನೆಯ ಸರ್ವರು ಕೆಲಸವನ್ನು ಮುಗಿಸಿ ಉತ್ತರವನ್ನಷ್ಟೇ ತಡಮಾಡಿದ್ದ ಪಕ್ಷದಲ್ಲಿ, ಪಾವತಿಯು ಎರಡು ಸಲ ನಡೆಯಬಹುದು. ಒಮ್ಮೆ ಕಳುಹಿಸಿದ ಇಂತಹ ಕೋರಿಕೆಯನ್ನು ಸ್ಪಷ್ಟವಾದ ಅನುಮತಿಯಿಲ್ಲದೆ ಮತ್ತೊಂದಕ್ಕೆ ದಾಟಿಸಬಾರದೆಂಬ ನಿಯಮ ಬಂದುದು 2016ರ 1.9.13ನೆಯ ಆವೃತ್ತಿಯಲ್ಲಿ, ತಡವಾಯಿತೆಂದೇ ಹೇಳಬೇಕು.

ಇಂತಹ ಮರುಪ್ರಯತ್ನದಲ್ಲಿ ಬಳಕೆದಾರನಿಗೆ ಕಾಣುವುದು ಯಶಸ್ಸಿನ 200 ಮಾತ್ರ. ಅಪ್‌ಸ್ಟ್ರೀಮ್ ಸ್ಟೇಟಸ್ ಎಂಬ ಚರದಲ್ಲಿ ಮಾತ್ರ, ಅಲ್ಪವಿರಾಮದಿಂದ ಬೇರ್ಪಟ್ಟು, ‘504, 200’ ಎಂದು ಎರಡು ಪ್ರಯತ್ನಗಳೂ ದಾಖಲಾಗಿರುತ್ತವೆ. ಆದರೆ ವಾಡಿಕೆಯ ಲಾಗ್ ಮಾದರಿಯಲ್ಲಿ ಈ ಚರವಿಲ್ಲ. ನಿರ್ವಾಹಕನು ತಾನಾಗಿ ಸೇರಿಸಿಕೊಂಡಿರಬೇಕು.