ಪುಣ್ಯಸ್ತ್ರೀ ಎಂಬ ಪಟ್ಟ

ಕಾಳವ್ವೆಯನ್ನು ನಮ್ಮ ವಚನ ಸಂಪುಟಗಳು ಇಂದಿಗೂ ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ’ ಎಂದೇ ಅಚ್ಚು ಹಾಕುತ್ತವೆ. ಪೆದ್ದಿಯೂ ದಲಿತನೇ, ತಕರಾರು ಆತನ ಮೇಲಲ್ಲ. ಕುರಿ-ಕೋಳಿ ತಿನ್ನುವವರು ಕುಲಜರಾದರೆ ದನ ತಿನ್ನುವ ಮಾದಿಗ ಮಾತ್ರ ಕೀಳು ಹೆಂಗಾದ ಎಂದು 12ನೆಯ ಶತಮಾನದಲ್ಲೇ ಕೇಳಿದಾಕೆ ಈಕೆ. ಬೀದರ್, ಭಾಲ್ಕಿ, ಔರಾದಗಳ ಭಾಷಣಗಳಲ್ಲಿ ನಾನು ಕೇಳಿದ್ದು ಮೊದಲು ಗಂಡನ ಹೆಸರು, ಆಮೇಲೆ ಆಕೆಯ ಪ್ರಶ್ನೆ. ಎಷ್ಟೋ ಸಲ ಪ್ರಶ್ನೆ ಬರೋದೇ ಇಲ್ಲ.

ಸಿನಿಮಾದ್ದೂ ಇದೇ ಹಣೆಬರಹ. ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ನಲ್ಲಿ ನಾಯರ್ ಹೆಣ್ಣಾಗಿ ನಟಿಸಿದ ದಲಿತ ಹೆಣ್ಣುಮಗಳು ಪಿ.ಕೆ. ರೋಸಿಯನ್ನು ಮೇಲ್ಜಾತಿಯವರು ಊರು ಬಿಡಿಸಿದರು. ಕಾಳವ್ವೆಯನ್ನು ಓಡಿಸಲಿಲ್ಲ, ಪುಣ್ಯವಂತೆ ಅಂದು ಬಾಯಿ ಮುಚ್ಚಿಸಿದರು.

ಭಾಲ್ಕಿ, ಔರಾದ ಸೇರಿದ ಬೀದರ್ ಲೋಕಸಭಾ ಕ್ಷೇತ್ರ ದಶಕಗಳ ಕಾಲ ಪರಿಶಿಷ್ಟ ಜಾತಿಗೆ ಮೀಸಲಿತ್ತು. 1962ರಿಂದ 2024ರವರೆಗೆ ಅಲ್ಲಿಂದ ಒಬ್ಬ ಹೆಣ್ಣುಮಗಳೂ ದಿಲ್ಲಿಗೆ ಹೋಗಲಿಲ್ಲ.