ಹಸುವಿನ ಬೆದೆಚಕ್ರ: ಹಾರ್ಮೋನು ನಿಯಂತ್ರಣದ ಇತಿಹಾಸ

ಗಬ್ಬವಿಲ್ಲದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ನಿಲ್ಲುವುದು 12ರಿಂದ 18 ಗಂಟೆ. ಅದು ಇಳಿದ ಹತ್ತು ಹನ್ನೆರಡು ಗಂಟೆಗಳ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಮೂರು ವಾರದ ಈ ಲೆಕ್ಕ ದನ ಸಾಕುವವರಿಗೆ ಮೊದಲಿನಿಂದಲೂ ಗೊತ್ತಿತ್ತು. ಲೆಕ್ಕ ಇಡುವ ಅಂಗ ಯಾವುದೆಂದು ತಿಳಿಯಲು ಮಾತ್ರ ಇಪ್ಪತ್ತನೆಯ ಶತಮಾನದ ಮುಕ್ಕಾಲು ಪಾಲು ಕಳೆಯಬೇಕಾಯಿತು.

ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಹಳದಿಕಾಯವನ್ನು ಡಚ್ ವೈದ್ಯ ರೆನ್ಯೇ ದ ಗ್ರಾಫ್ 1672ರಲ್ಲೇ ವಿವರಿಸಿದ್ದ. ಅದರ ಕೆಲಸವೇನೆಂಬುದು ಎರಡು ಶತಮಾನ ದಾಟಿದರೂ ಒಗಟಾಗಿಯೇ ಉಳಿಯಿತು. ಉತ್ತರದ ಒಂದು ತುದಿ ಸ್ವಿಟ್ಜರ್ಲೆಂಡಿನ ಪಶುವೈದ್ಯರ ಕೈಗೆ ತಾಗಿತು, ಅಕ್ಷರಶಃ. 1900ರ ಆಸುಪಾಸಿನಲ್ಲಿ ಅವರು ಬೆದೆಗೆ ಬಾರದ ಹಸುವಿನ ಗುದದ್ವಾರದಲ್ಲಿ ಕೈಯಿಟ್ಟು, ಕರುಳಿನ ಗೋಡೆಯ ಆಚೆಗೆ ಸಿಗುವ ಅಂಡಾಶಯವನ್ನು ಹಿಡಿದು, ಎರಡು ಸೆಂಟಿಮೀಟರಿಗೂ ಮಿಕ್ಕ ಹಳದಿಕಾಯವನ್ನು ಹಿಸುಕಿ ತೆಗೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಹಸು ಬೆದೆಗೆ ಬರುತ್ತಿತ್ತು. ಒಮ್ಮೊಮ್ಮೆ ಒಳಗೆ ರಕ್ತ ಸೋರಿ ಸಾಯುತ್ತಲೂ ಇತ್ತು. ಒರಟು ಚಿಕಿತ್ಸೆಯೇ ಸರಿ. ಆದರೆ ಬೆದೆಯನ್ನು ತಡೆದು ಹಿಡಿದಿರುವುದು ಹಳದಿಕಾಯವೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಆಗ ಇರಲಿಲ್ಲ.

ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲರ್ಡ್ ಆಲೆನ್ 1929ರಲ್ಲಿ ಹಳದಿಕಾಯದ ಸಾರವನ್ನು ತೆಗೆದರು. ಅದರಲ್ಲಿದ್ದ ಪ್ರೊಜೆಸ್ಟೆರಾನ್ 1934ರಲ್ಲಿ ಶುದ್ಧರೂಪದಲ್ಲಿ ದೊರೆಯಿತು. ವಿಸ್ಕಾನ್ಸಿನ್‌ನಲ್ಲಿ ಕ್ರಿಶ್ಚಿಯನ್ ಮತ್ತು ಕಸಿಡಾ 1948ರಲ್ಲಿ ಅದನ್ನು ಹಸುಗಳಿಗೆ ಚುಚ್ಚಿ ನೋಡಿದರು. ಚುಚ್ಚುಮದ್ದು ನಡೆಯುವಷ್ಟು ದಿನ ಬೆದೆಯಿಲ್ಲ, ನಿಲ್ಲಿಸಿದ ಕೆಲವು ದಿನಕ್ಕೆ ಬೆದೆ. ಇಂದು ಯೋನಿಯೊಳಗೆ ಇಡುವ ಪ್ರೊಜೆಸ್ಟೆರಾನ್ ಸಾಧನಗಳೆಲ್ಲ ನಿಂತಿರುವುದು ಈ ತತ್ವದ ಮೇಲೆ. ಆದರೆ ಹೆಚ್ಚು ದಿನ ಹೀಗೆ ತಡೆದಿಟ್ಟ ಹಸುಗಳು ಮುಂದಿನ ಬೆದೆಯಲ್ಲಿ ಅಷ್ಟಾಗಿ ಗಬ್ಬ ಕಟ್ಟುತ್ತಿರಲಿಲ್ಲ.

ಉಳಿದ ಪ್ರಶ್ನೆಯೇ ಈ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯದ್ದು: ಗಬ್ಬ ನಿಲ್ಲದಿದ್ದಾಗ ಹಳದಿಕಾಯವನ್ನು ಕರಗಿಸುವವರು ಯಾರು? ಗಿನಿ ಇಲಿಯ ಗರ್ಭಕೋಶ ತೆಗೆದರೆ ಹಳದಿಕಾಯ ಕರಗದೆ ಉಳಿಯುತ್ತದೆಂದು ಲಿಯೊ ಲೋಬ್ 1923ರಲ್ಲೇ ತೋರಿಸಿದ್ದ. ಹಸುವಿನಲ್ಲೂ ಕುರಿಯಲ್ಲೂ ಹಾಗೆಯೇ ಎಂದು ವಿಲ್ಟ್‌ಬ್ಯಾಂಕ್ ಮತ್ತು ಕಸಿಡಾ 1956ರಲ್ಲಿ ಕಂಡರು. ಅಂಡಾಶಯಕ್ಕೆ ಅಪ್ಪಣೆ ಗರ್ಭಕೋಶದಿಂದ ಹೋಗುತ್ತಿತ್ತು. ಆ ಅಪ್ಪಣೆಯ ರಾಸಾಯನಿಕ ಅಷ್ಟರಲ್ಲಾಗಲೇ ಬೇರೊಂದು ಕಡೆ ಪತ್ತೆಯಾಗಿತ್ತು. ವೀರ್ಯದಲ್ಲಿ ಸಿಕ್ಕ ವಸ್ತುವೊಂದು ಪ್ರಾಸ್ಟೇಟ್ ಗ್ರಂಥಿಯದೆಂದು ಭಾವಿಸಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1930ರ ದಶಕದಲ್ಲಿ ಅದನ್ನು ಪ್ರೊಸ್ಟಗ್ಲಾಂಡಿನ್ ಎಂದು ಕರೆದಿದ್ದ. ಅದೇ ಕುಟುಂಬದ ಎಫ್2-ಆಲ್ಫಾ ಕುರಿಯ ಹಳದಿಕಾಯವನ್ನು ಕರಗಿಸುವ ಹಾರ್ಮೋನೆಂದು ಮೆಕ್ರ್ಯಾಕೆನ್ ತಂಡ 1972ರಲ್ಲಿ ತೋರಿಸಿತು. ಈ ವಸ್ತು ರಕ್ತದೊಡನೆ ಶ್ವಾಸಕೋಶ ಹೊಕ್ಕರೆ ಬಹುಪಾಲು ಅಲ್ಲೇ ನಾಶವಾಗುತ್ತದೆ. ಹಾಗಾದರೆ ಅಂಡಾಶಯಕ್ಕೆ ತಲುಪುವುದು ಹೇಗೆ? ಅಂಡಾಶಯದ ಅಪಧಮನಿ ಗರ್ಭಕೋಶದಿಂದ ಬರುವ ಅಭಿಧಮನಿಗೆ ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಪ್ರೊಸ್ಟಗ್ಲಾಂಡಿನ್ ಒಂದರ ಗೋಡೆಯಿಂದ ಇನ್ನೊಂದರೊಳಕ್ಕೆ ಇಳಿದು, ಹೃದಯದ ದಾರಿ ಹಿಡಿಯದೆ ಪಕ್ಕದಲ್ಲೇ ಇರುವ ಅಂಡಾಶಯ ಸೇರುತ್ತದೆ.

ಅದೇ 1972ರಲ್ಲಿ ಕೇಂಬ್ರಿಜ್‌ನ ರೌಸನ್ ಮತ್ತು ಸಂಗಡಿಗರು ಹಸುವಿನ ಗರ್ಭಕೋಶಕ್ಕೆ ಪ್ರೊಸ್ಟಗ್ಲಾಂಡಿನ್ ಹಾಕಿ, ಹಲವು ಹಸುಗಳನ್ನು ಒಟ್ಟಿಗೆ ಬೆದೆಗೆ ತಂದರು. ಬೆರಳು ಮಾಡುತ್ತಿದ್ದ ಕೆಲಸ ಮುಂದೆ ಒಂದು ಚುಚ್ಚುಮದ್ದಿಗೆ ಬಂತು. ಒಂದು ಮಿತಿ ಉಳಿಯಿತು: ಅಂಡ ಬಿಡುಗಡೆಯಾದ ಮೊದಲ ಐದು ದಿನ ಎಳೆಯ ಹಳದಿಕಾಯ ಈ ಮದ್ದಿಗೆ ಜಗ್ಗುವುದಿಲ್ಲ.

ಮೆದುಳಿನ ಪಾತ್ರ ಸ್ಪಷ್ಟವಾದದ್ದೂ ಆ ವರ್ಷಗಳಲ್ಲೇ. ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನನ್ನು ಹೊರಡಿಸಿ ಅಂಡ ಬಿಡಿಸುವ ಜಿಎನ್‌ಆರ್‌ಎಚ್‌ನ ರಚನೆಯನ್ನು 1971ರಲ್ಲಿ ಆಂಡ್ರ್ಯೂ ಶಾಲಿ ಹಂದಿಗಳ ಮೆದುಳಿನಿಂದ ಬಿಡಿಸಿದರು. ಪ್ರತಿಸ್ಪರ್ಧಿ ರೋಜೆ ಗಿಯಮೆನ್ ಕುರಿಗಳ ಮೆದುಳಿನಿಂದ. 1977ರ ನೊಬೆಲ್ ಇಬ್ಬರಿಗೂ ಸಂದಿತು. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಬಂದ ಮೇಲೆ, ಅಂಡದ ಗುಳ್ಳೆಗಳು ಒಂದು ಚಕ್ರದಲ್ಲಿ ಎರಡು ಅಥವಾ ಮೂರು ಅಲೆಗಳಾಗಿ ಏಳುವುದು ಬದುಕಿರುವ ಹಸುವಿನಲ್ಲೇ ಕಂಡಿತು. ಇವೆಲ್ಲವನ್ನೂ ಜೋಡಿಸಿ ವಿಸ್ಕಾನ್ಸಿನ್‌ನ ಪರ್ಸ್ಲಿ, ಮೀ ಮತ್ತು ವಿಲ್ಟ್‌ಬ್ಯಾಂಕ್ 1995ರಲ್ಲಿ ‘ಒವ್‌ಸಿಂಕ್’ ಪ್ರಕಟಿಸಿದರು. ಇಂದಿನ ರೂಢಿಯಲ್ಲಿ ಮೊದಲ ದಿನ ಜಿಎನ್‌ಆರ್‌ಎಚ್, ಏಳು ದಿನಕ್ಕೆ ಪ್ರೊಸ್ಟಗ್ಲಾಂಡಿನ್, ಎರಡು ದಿನ ಬಿಟ್ಟು ಮತ್ತೆ ಜಿಎನ್‌ಆರ್‌ಎಚ್, ಅದಾದ 16ರಿಂದ 20 ಗಂಟೆಗೆ ಕೃತಕ ಗರ್ಭಧಾರಣೆ. ಬೆದೆಗಾಗಿ ಕಾಯುವ ಗೊಡವೆಯೇ ಇಲ್ಲ. ದೊಡ್ಡ ಕೊಟ್ಟಿಗೆಗಳಲ್ಲಿ ಬೆದೆ ಗುರುತಿಸುವುದೇ ಕಷ್ಟವಾಗಿದ್ದರಿಂದ ಇದು ಬೇಗ ಹಬ್ಬಿತು.

ಭಾರತದಲ್ಲಿ ಕೃತಕ ಗರ್ಭಧಾರಣೆ ಆರಂಭವಾದದ್ದು ಮೈಸೂರಿನ ಅರಮನೆ ಡೈರಿಯಲ್ಲಿ, 1939ರಲ್ಲಿ, ಸಂಪತ್ ಕುಮಾರನ್ ಅವರಿಂದ. ಹಾರ್ಮೋನು ವಿಧಾನಗಳು ಬಂದದ್ದು ದಶಕಗಳ ನಂತರ. ಮೂಕ ಬೆದೆಯ ಎಮ್ಮೆಗಳಲ್ಲಿ ಅವು ನಿಜಕ್ಕೂ ಉಪಯುಕ್ತ. ಮೇವು ಸಾಲದೆ ಚಕ್ರವೇ ನಿಂತುಹೋದ ಹಸುವಿನಲ್ಲಿ ಪ್ರೊಸ್ಟಗ್ಲಾಂಡಿನ್ ವ್ಯರ್ಥ, ಕರಗಿಸಲು ಅಲ್ಲಿ ಹಳದಿಕಾಯವೇ ಇರುವುದಿಲ್ಲ. ಗಬ್ಬದ ಮೊದಲ ತಿಂಗಳುಗಳಲ್ಲಿ ಕೊಟ್ಟರೆ ಕಂದು ಹಾಕುತ್ತದೆ. ಆದ್ದರಿಂದ ಗಬ್ಬ ಪರೀಕ್ಷೆ ಮಾಡಿಸದೆ ಈ ಚುಚ್ಚುಮದ್ದು ಹಾಕಿಸಬಾರದು. ಮದ್ದು ಚರ್ಮದ ಮೂಲಕವೂ ಒಳಸೇರುವುದರಿಂದ ಗರ್ಭಿಣಿಯರು ಮತ್ತು ಅಸ್ತಮಾ ಇರುವವರು ಅದನ್ನು ಮುಟ್ಟದಿರಬೇಕು.